ಸೆನ್ಸರ್ ಬ್ಯಾಟರಿ ಬೇಗ ಖಾಲಿಯಾಗುತ್ತಿದೆಯೇ?

ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೆ ಮಣ್ಣಿನ ತೇವಾಂಶ ಅಳೆಯುವ ಸರ್ಕ್ಯೂಟ್ ಕಟ್ಟುತ್ತಿರುವವರು, ಬ್ಯಾಟರಿ ವೋಲ್ಟೇಜ್ ಓದಲು ಹಾಕಿದ ಎರಡು ರೆಸಿಸ್ಟರ್‌ಗಳನ್ನು ಮೊದಲು ನೋಡಿ. ಎರಡೂ 10 ಕಿಲೋಓಮ್ ಆಗಿದ್ದರೆ 4.2 ವೋಲ್ಟ್ ಬ್ಯಾಟರಿಯಿಂದ 210 ಮೈಕ್ರೋಆಂಪಿಯರ್ ಹಗಲೂ ರಾತ್ರಿ ಸೋರುತ್ತಲೇ ಇರುತ್ತದೆ. ತಲಾ 1 ಮೆಗಾಓಮ್ ಹಾಕಿದರೆ ಅದು 2.1ಕ್ಕೆ ಇಳಿಯುತ್ತದೆ. ಆದರೆ ಅಷ್ಟು ದೊಡ್ಡ ರೆಸಿಸ್ಟರ್ ಇದ್ದಾಗ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್ಪಿನ ಭಾಗ) ತಪ್ಪು ಓದುತ್ತದೆ. ಅದಕ್ಕೆ ಎಡಿಸಿ ಪಿನ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂಡಿಸಿ. (ಇದನ್ನು ಬಿಟ್ಟು ಆಮೇಲೆ ಚಿಪ್ಪನ್ನು ಬೈಯುವವರೇ ಹೆಚ್ಚು!)

ಎಟಿಮೆಗಾ328ಪಿ ಚಿಪ್ ಬಳಸುತ್ತಿದ್ದರೆ, ಸ್ಲೀಪ್‌ಗೆ (ವಿದ್ಯುತ್ ಉಳಿಸುವ ನಿದ್ರೆಯ ಸ್ಥಿತಿಗೆ) ಕಳಿಸುವ ಮುನ್ನ, ಎಡಿಸಿಯನ್ನು ಆನ್-ಆಫ್ ಮಾಡುವ ಎಡಿಇಎನ್ ಬಿಟ್ ಅನ್ನು 0 ಮಾಡಿ. ಎಡಿಸಿ ತಾನಾಗಿ ಆಫ್ ಆಗುವುದಿಲ್ಲ. ಮತ್ತೆ ಆನ್ ಮಾಡಿದಾಗ ಮೊದಲ ರೀಡಿಂಗ್ ಕೈಬಿಡಿ. ಸೆನ್ಸರ್‌ಗೂ ಓದುವಾಗ ಮಾತ್ರ ವಿದ್ಯುತ್ ಕೊಡಿ. ಅರ್ಧ ಗಂಟೆಗೊಮ್ಮೆ ಓದಿದರೆ ಧಾರಾಳವಾಯಿತು.