ಚೋಕೆಕಿರಾವ್: ಏಜೆನ್ಸಿ ಇಲ್ಲದೆ, ಹೇಸರಗತ್ತೆ ಇಲ್ಲದೆ

ಐವತ್ತು ದಾಟಿದವರು, ಅದರಲ್ಲೂ ಸಸ್ಯಾಹಾರಿಗಳು, ಪೆರುವಿನ ಚೋಕೆಕಿರಾವ್‌ಗೆ ಸ್ವಂತವಾಗಿ ಹೋಗಿಬರಲು ಆಗುವುದಿಲ್ಲ ಎಂದು ನಮ್ಮ ಚಾರಣದ ಗುಂಪಿನಲ್ಲಿ ಅನೇಕರು ಹೇಳಿದ್ದರು. ಬೆನ್ನಿಗೆ ಚೀಲ ಹಾಕಿಕೊಂಡು ಹೋಗಿಬಂದಿದ್ದೇನೆ. ಮಾಚು ಪಿಚುವಿಗೆ ರೈಲು, ಬಸ್ಸು ಎರಡೂ ಇವೆ. ಅಪುರಿಮಾಕ್ ಕಣಿವೆಯ ನೆತ್ತಿಯ ಈ ಇಂಕಾ ನಗರಕ್ಕೆ ಇವತ್ತಿಗೂ ಕಾಲೇ ಗತಿ. ಕೇಬಲ್ ಕಾರಿನ ಮಾತು ವರ್ಷಗಳಿಂದ ನಡೆದಿದೆ. ಅದು ಬರುವುದರೊಳಗೆ ಹೋಗಿಬನ್ನಿ.

ಎತ್ತರದ ಲೆಕ್ಕ ಹೀಗಿದೆ. ನಡಿಗೆ ಶುರುವಾಗುವ ಕಪುಲಿಯೋಕ್ ಸುಮಾರು 2,900 ಮೀಟರ್, ಕೆಳಗೆ ನದಿ 1,500ರ ಆಸುಪಾಸು, ಎದುರು ದಡದ ಮೇಲಿನ ಹಳ್ಳಿ ಮರಂಪಾತಾ ಮತ್ತೆ 2,900. ಇಳಿದಷ್ಟನ್ನೂ ಹತ್ತಬೇಕು, ಮರಳುವಾಗ ಅದೇ ಕಥೆ ಮತ್ತೊಮ್ಮೆ.

ಹಿಂದಿನ ಸಲ ಏಜೆನ್ಸಿಯೊಂದರ ಜೊತೆ ಹೋಗಿದ್ದೆವು. ತಲೆಗೆ ಮುನ್ನೂರೈವತ್ತು ಡಾಲರ್ ಹತ್ತಿರ ತೆತ್ತಿದ್ದೆವು. ಏಳಕ್ಕೆ ತಿಂಡಿ, ಎಂಟಕ್ಕೆ ಹೊರಡುವುದು ಅವರ ವೇಳಾಪಟ್ಟಿ. ಹೀಗಾಗಿ ನದಿದಡದ ಪ್ಲಾಯಾ ರೋಸಲಿನಾದ ಸೇತುವೆ ದಾಟಿ ಹತ್ತಲು ಶುರುಮಾಡುವಾಗಲೇ ಬಿಸಿಲು ಏರಿತ್ತು. ಕಲ್ಲುಗಳು ಕೆಳಗಿನಿಂದ ಸುಡುತ್ತಿದ್ದವು. ನದಿಯ ಬಳಿ ಕಚ್ಚಿದ ಸಣ್ಣ ನೊಣಗಳ ಗುರುತು ತಿಂಗಳಾದರೂ ಮಾಯಲಿಲ್ಲ. ಏರಿನ ನಡುವಿನ ತಂಗುದಾಣ ಸಾಂತಾ ರೋಸಾ ತಲುಪುವ ಮೊದಲೇ ಜೊತೆಗಾರರೊಬ್ಬರಿಗೆ ತೊಡೆಯ ಸ್ನಾಯು ಹಿಡಿದುಕೊಂಡು ಇಡೀ ತಂಡ ಹಿಂದಿರುಗಿತು. ಕೊಟ್ಟ ಹಣದಲ್ಲಿ ಒಂದು ಡಾಲರೂ ವಾಪಸ್ ಬರಲಿಲ್ಲ.

ಈ ಸಲ ಗಡಿಯಾರವನ್ನೇ ತಿರುಗಿಸಿದೆ. ಇಳಿಯುವುದು ಮಧ್ಯಾಹ್ನ ಮೂರರ ಮೇಲೆ, ಹತ್ತುವುದು ನಡುರಾತ್ರಿ ಕಳೆದ ಮೇಲೆ. ಸಂಜೆ ಇಳಿಜಾರಿನ ನಡುವಿನ ತಂಗುದಾಣ ಚಿಕಿಸ್ಕಾದಲ್ಲಿ ಊಟ ಮಾಡಿ ಮಲಗಿ, ಎರಡು ಗಂಟೆಗೆ ಎದ್ದು ತಲೆಗೆ ಟಾರ್ಚು ಕಟ್ಟಿಕೊಂಡು ಹೊರಟೆ. ಆ ನೊಣಗಳು ಹಗಲಿನಲ್ಲಷ್ಟೇ ಕಚ್ಚುತ್ತವೆ; ಕತ್ತಲಲ್ಲಿ ಸೇತುವೆ ದಾಟುವಾಗ ಒಂದೂ ಹತ್ತಿರ ಸುಳಿಯಲಿಲ್ಲ. ಮೇಲೆ ಎಷ್ಟು ತಿರುವು ಬಾಕಿ ಇವೆ ಎಂದು ಕಾಣದಿರುವುದೂ ದೊಡ್ಡ ಉಪಕಾರವೇ. ಸಾಂತಾ ರೋಸಾದಲ್ಲಿ ಬೆಳಕು ಹರಿಯಿತು, ಒಂಬತ್ತರ ಸುಮಾರಿಗೆ ಮರಂಪಾತಾದಲ್ಲಿದ್ದೆ. ಇಪ್ಪತ್ತರ ಹರೆಯದ ವಿದೇಶಿ ಹುಡುಗರು ನನಗಿಂತ ನಾಲ್ಕು ಗಂಟೆ ತಡವಾಗಿ ಏದುಸಿರು ಬಿಡುತ್ತಾ ಬಂದರು. ಉಸಿರು ಕಟ್ಟದಂತೆ ಹೆಜ್ಜೆ ಎಣಿಸುವ ಕ್ರಮವೊಂದನ್ನು ಕುಮಾರಪರ್ವತದಲ್ಲಿ ರೂಢಿಸಿಕೊಂಡಿದ್ದೆ. ಅದನ್ನು ಬರೆದು ತಿಳಿಸಲಾಗದು, ಜೊತೆಯಲ್ಲಿ ನಡೆದವರಿಗೆ ತೋರಿಸುತ್ತೇನೆ.

ಖರ್ಚಿನ ವಿಷಯ. ಕುಸ್ಕೋ ನಗರದಿಂದ ಅಬಂಕಾಯ್ ಊರಿನ ಬಸ್ಸಿನಲ್ಲಿ ಕಚೋರಾ ಹಳ್ಳಿಯ ಕವಲಿನವರೆಗೆ ಪೆರುವಿನ ಹಣದಲ್ಲಿ ಮೂವತ್ತು ಸೋಲ್‌ನಷ್ಟು, ಅಲ್ಲಿಂದ ಕಪುಲಿಯೋಕ್‌ಗೆ ಟ್ಯಾಕ್ಸಿ ಹಂಚಿಕೊಂಡರೆ ಇನ್ನೊಂದು ಇಪ್ಪತ್ತು ಮೂವತ್ತು. ಪ್ರವೇಶಕ್ಕೆ ಅರವತ್ತು. ಅನ್ನ, ಮೊಟ್ಟೆ, ಆಲೂಗಡ್ಡೆಯ ಊಟಕ್ಕೆ ಹದಿನೈದರಿಂದ ಇಪ್ಪತ್ತು. ಮೊಟ್ಟೆ ಬೇಡವೆಂದರೂ ದರ ಅಷ್ಟೇ. ಹೇಸರಗತ್ತೆಗೂ ಅದರ ಆಳಿಗೂ ದಿನಕ್ಕೆ ನೂರಕ್ಕೂ ಹೆಚ್ಚು ಕೇಳಿದರು, ಬೇಡವೆಂದೆ. ಎಲ್ಲ ಸೇರಿ ನಾನೂರು ಸೋಲ್ ಮೀರಲಿಲ್ಲ, ಅಂದರೆ ನಮ್ಮ ಹತ್ತು ಸಾವಿರ ರೂಪಾಯಿಯ ಆಸುಪಾಸು.

ಹೊಟ್ಟೆಯ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಕುಸ್ಕೋದ ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ಮಾಚಿಕಾ ಎಂಬ ಹುರಿದ ಬಾರ್ಲಿಯ ಹಿಟ್ಟು ಸಿಗುತ್ತದೆ, ಚಂಕಾಕಾ ಎಂಬ ಬೆಲ್ಲವೂ ಸಿಗುತ್ತದೆ. ಎರಡನ್ನೂ ಕುಟ್ಟಿ ಬೆರೆಸಿಟ್ಟುಕೊಂಡೆ. ತಣ್ಣೀರಿಗೆ ಕಲಸಿದರೆ ನಮ್ಮ ಹುರಿಹಿಟ್ಟೇ. ರಾತ್ರಿಯ ಏರು ಪೂರ್ತಿ ಅದರ ಬಲದಲ್ಲೇ ಆಯಿತು. ಇಡೀ ಚನ್ನಂಗಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಚೀಲಕ್ಕೆ ನೇತುಹಾಕಿದ್ದೆ. ಕಣಿವೆಯ ಸೆಕೆಗೆ ಚೆನ್ನಾಗಿ ಮೊಳೆಯಿತು. ಮರಂಪಾತಾದ ಚಳಿಗೆ ಎರಡನೆಯ ಕಟ್ಟು ಹುಳಿವಾಸನೆ ಹಿಡಿದು ಎಸೆಯಬೇಕಾಯಿತು. ಆ ಎತ್ತರದಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವ ಆಸೆ ಮಾತ್ರ ಬಿಡಿ.

ಮರಂಪಾತಾದಲ್ಲಿ ಎರಡು ರಾತ್ರಿ ಉಳಿಯಲೇಬೇಕು, ಇದರಲ್ಲಿ ರಾಜಿ ಇಲ್ಲ. ಅಲ್ಲಿಂದ ನಗರದ ಚೌಕಕ್ಕೆ ಒಂದೂವರೆ ಗಂಟೆ ನಡಿಗೆ. ಮೊದಲ ದಿನ ನಿದ್ದೆ ಮುಗಿಸಿ ಮಧ್ಯಾಹ್ನ ಹೋದೆ. ನೆತ್ತಿಯನ್ನೇ ಕತ್ತರಿಸಿ ಸಮತಟ್ಟು ಮಾಡಿದ ಉಷ್ನು, ಅಂದರೆ ಇಂಕಾಗಳ ಪೂಜಾವೇದಿಕೆಯ ದಿಬ್ಬದ ಮೇಲೆ ನಾನೊಬ್ಬನೇ ಇದ್ದೆ. ಅಮೆರಿಕದ ಅನ್ವೇಷಕ ಹೈರಂ ಬಿಂಗಮ್ ಇಲ್ಲಿಗೆ ಬಂದದ್ದು 1909ರಲ್ಲಿ, ಮಾಚು ಪಿಚುವಿಗೆ ಹೋಗುವ ಎರಡು ವರ್ಷ ಮೊದಲು. ನಗರದ ಬಹುಭಾಗವನ್ನು ಕಾಡು ಇನ್ನೂ ಬಿಟ್ಟುಕೊಟ್ಟಿಲ್ಲ.

ಮರುದಿನ ಬೆಳಿಗ್ಗೆ ಲಾಮಾಗಳ (ಒಂಟೆಯ ಜಾತಿಯ ಅಲ್ಲಿನ ಸಾಕುಪ್ರಾಣಿ) ಚಿತ್ರವಿರುವ ಮೆಟ್ಟಿಲುಗದ್ದೆಗೆ ಇಳಿದೆ. ಏಜೆನ್ಸಿಯವರು ಹೊತ್ತಿಲ್ಲವೆಂದು ಬಿಟ್ಟುಬಿಡುವುದು ಇದನ್ನೇ. ಚೌಕದ ಹಿಂದಿನ ಕಡಿದಾದ ಇಳಿಜಾರಿನಲ್ಲಿ ಗೋಡೆಗಳೆಲ್ಲ ಕಪ್ಪು ಪದರಗಲ್ಲಿನವು. ಅವುಗಳೊಳಗೆ ಬಿಳಿ ಕಲ್ಲುಗಳನ್ನು ಕೂರಿಸಿ ಇಪ್ಪತ್ತಕ್ಕೂ ಹೆಚ್ಚು ಲಾಮಾಗಳನ್ನು ಮಾಡಿದ್ದಾರೆ. ಹತ್ತಿರ ನಿಂತು ನೋಡಿದೆ: ಕಾಲಿಗೆ ಉದ್ದುದ್ದ ಚಪ್ಪಡಿ, ಕುತ್ತಿಗೆಗೆ ಒಂದರ ಮೇಲೊಂದು ತುಂಡು. ಎಲ್ಲೂ ಕೆತ್ತನೆಯಿಲ್ಲ, ಗೋಡೆ ಕಟ್ಟುತ್ತಲೇ ಚಿತ್ರವನ್ನೂ ಕಟ್ಟಿದ್ದಾರೆ. ಹಂಪಿಯಲ್ಲಿ ವರ್ಷಗಟ್ಟಲೆ ಕಲ್ಲು ನೋಡಿದ ನನಗೂ ಇಂಥ ಕೆಲಸ ಹೊಸದು. ಹಿಂಡು ಪೂರ್ತಿ ಒಂದೇ ನೋಟಕ್ಕೆ ಸಿಗುವ ಜಾಗ ಹುಡುಕಿಕೊಂಡಿದ್ದೇನೆ. ಅಲ್ಲಿ ಗೋಡೆಯ ಅಂಚು ಸಡಿಲವಾಗಿರುವುದರಿಂದ ಇಲ್ಲಿ ಗುರುತು ಹೇಳುವುದಿಲ್ಲ.

ಮರಳುವಾಗಲೂ ಅದೇ ಕ್ರಮ. ಕಪುಲಿಯೋಕ್ ಕಡೆಯ ಏರಿನಲ್ಲಿ ನೆರಳೆಂಬುದೇ ಇಲ್ಲವಾದ್ದರಿಂದ ರಾತ್ರಿ ಎರಡಕ್ಕಿಂತ ತಡಮಾಡಬೇಡಿ. ನೂರರ ನೋಟಿಗೆ ದಾರಿಯಲ್ಲಿ ಯಾರ ಬಳಿಯೂ ಚಿಲ್ಲರೆ ಸಿಗುವುದಿಲ್ಲ, ಹತ್ತು ಇಪ್ಪತ್ತರ ನೋಟುಗಳನ್ನು ಕುಸ್ಕೋದಲ್ಲೇ ಮಾಡಿಸಿಕೊಳ್ಳಿ. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಿ. ಮಳೆಗಾಲದಲ್ಲಿ ಈ ಇಳಿಜಾರುಗಳು ಕುಸಿಯುತ್ತವೆ, ಆಗ ನನ್ನ ವಿಧಾನವೂ ಕೆಲಸಕ್ಕೆ ಬರುವುದಿಲ್ಲ.