ಅಲಗು ಬದಲಿಸುವ ಚಾಕು: ಕಾಡಿನಲ್ಲಿ ಎಲ್ಕ್ ಬಿಡಿಸುವಾಗ ಬಳಸುವುದು ಹೇಗೆ?

ನಮ್ಮ ಊರುಗಳ ಕ್ಷೌರದಂಗಡಿಗಳಲ್ಲಿ ಚರ್ಮದ ಪಟ್ಟಿಗೆ ಕತ್ತಿ ಮಸೆಯುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಹೊಸ ಬ್ಲೇಡನ್ನು ಕಾಗದದ ಸಮೇತ ಎರಡಾಗಿ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಎಸೆಯುತ್ತಾರೆ. ಅಮೆರಿಕದ ಬೇಟೆಗಾರರ ಬೆನ್ನುಚೀಲದಲ್ಲಿರುವ ಚಾಕುವಿಗೂ ಈಗ ಇದೇ ಏರ್ಪಾಟು. ಅಲ್ಲಿಗೆ ಅದು ಬಂದದ್ದು ಮಾತ್ರ ಶಸ್ತ್ರಚಿಕಿತ್ಸೆಯ ಕೋಣೆಯಿಂದ. ಹಿಡಿ ಬೇರೆ, ಅಲಗು ಬೇರೆ ಮಾಡಿದ ಸ್ಕ್ಯಾಲ್ಪೆಲ್‌ಗೆ ಮಾರ್ಗನ್ ಪಾರ್ಕರ್ ಪೇಟೆಂಟ್ ಪಡೆದದ್ದು 1915ರಲ್ಲಿ. ಇಂದು ಬೇಟೆಗಾರರಲ್ಲಿ ಹೆಸರಾಗಿರುವ ಹ್ಯಾವಲಾನ್ ಚಾಕುಗಳ ಹಿಂದಿರುವುದೂ ಒಹಾಯೊದ ಸಿನ್ಸಿನಾಟಿಯಲ್ಲಿ ವೈದ್ಯಕೀಯ ಬ್ಲೇಡುಗಳನ್ನು ಮಾರುತ್ತಿದ್ದ ಕಂಪನಿಯೇ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಮಾತಿಗೆ ಜಾಗವಿಲ್ಲ. ಕೊಲೊರಾಡೊ, ಮೊಂಟಾನಾದಂಥ ಕಡೆ ನೆಲೆಸಿ, ಪರವಾನಗಿ ಪಡೆದು ಮೊದಲ ಸಲ ಎಲ್ಕ್ ಬೇಟೆಗೆ ಹೊರಟಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಕ್ ನಮ್ಮ ಕಡವೆಯ ಬಳಗದ್ದೇ. ಬೆಳೆದ ಗಂಡು 300 ಕಿಲೋ ದಾಟುತ್ತದೆ. ಅದು ಬೀಳುವುದು ರಸ್ತೆಯಿಂದ ಮೈಲಿಗಟ್ಟಲೆ ಆಚೆ, ಬಹಳ ಸಲ ಸಂಜೆ ಹೊತ್ತಿಗೆ. ದಪ್ಪ ತೊಗಲಿನೊಳಗೆ ಬಿಸಿ ಉಳಿದರೆ ಮಾಂಸ ಮೂಳೆಯ ಬುಡದಿಂದಲೇ ಕೆಡುತ್ತದೆ, ಹಾಗಾಗಿ ಅಲ್ಲೇ ಸುಲಿದು, ತುಂಡು ಮಾಡಿ, ಹೊತ್ತು ತರಬೇಕು. ಒಂದೇ ಚಾಕುವಾದರೆ ಅರ್ಧ ಕೆಲಸಕ್ಕೆ ಮೊಂಡಾಗುತ್ತದೆ. ಕೊಬ್ಬು ಮೆತ್ತಿದ ಕೈಯಲ್ಲಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಸಾಣೆ ಹಿಡಿಯುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು.

ಹೊರಡುವ ಮುನ್ನ

ಈ ಚಾಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಹ್ಯಾವಲಾನ್ ಪಿರಾಂಟಾದಂಥ ಸ್ಕ್ಯಾಲ್ಪೆಲ್ ಜಾತಿಯವುಗಳಲ್ಲಿ ತೆಳ್ಳಗಿನ ಬ್ಲೇಡಿನ ಸೀಳು ಹಿಡಿಯ ಮೇಲಿನ ಉಬ್ಬಿಗೆ ಕೂರುತ್ತದೆ. ಬ್ಲೇಡಿಗೆ ಬೇರೆ ಆಸರೆಯಿಲ್ಲ. ಔಟ್‌ಡೋರ್ ಎಡ್ಜ್ ರೇಜರ್‌ಲೈಟ್‌ನಂಥವುಗಳಲ್ಲಿ ಬ್ಲೇಡಿನ ಬೆನ್ನಿಗೆ ಲೋಹದ ಆಸರೆಯಿದೆ, ಗುಂಡಿ ಒತ್ತಿದರೆ ಬ್ಲೇಡು ಕಳಚುತ್ತದೆ. ಮೊದಲನೆಯದು ಹೆಚ್ಚು ಹರಿತ, ಹೆಚ್ಚು ನಾಜೂಕು. ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನು.

ಜೊತೆಗೆ ಬೇಕಾದವು: ಆರೆಂಟು ಹೊಸ ಬ್ಲೇಡು, ಮೂತಿ ಸಣ್ಣಗಿರುವ ಇಕ್ಕಳ, ತಿರುಗಿಸುವ ಮುಚ್ಚಳದ ಗಟ್ಟಿ ಮಾತ್ರೆ ಡಬ್ಬಿ, ಚಾಕು ಹಿಡಿಯದ ಕೈಗೆ ಕೊಯ್ತ ತಡೆಯುವ ಕೈಗವಸು, ಅದರ ಮೇಲೆ ರಬ್ಬರಿನದು. ಮರೆಯಬಾರದ ಇನ್ನೊಂದು, ಅಲಗು ಹಿಡಿಗೇ ಕೂಡಿಕೊಂಡಿರುವ ಮಾಮೂಲಿ ಗಟ್ಟಿ ಚಾಕು. ಅದೇಕೆಂದು ಮುಂದೆ ಬರುತ್ತದೆ. ಬ್ಲೇಡು ಹಾಕುವುದು, ತೆಗೆಯುವುದನ್ನು ಮನೆಯ ಮೇಜಿನ ಮೇಲೆ ಹತ್ತು ಸಲ ಮಾಡಿ ನೋಡಿ. ಎಷ್ಟು ಬ್ಲೇಡು ಒಯ್ಯುತ್ತಿದ್ದೀರೆಂದು ಬರೆದಿಟ್ಟುಕೊಳ್ಳಿ.

ಕೊಯ್ಯುವ ಕ್ರಮ

ಹೊಟ್ಟೆ ಸೀಳದೆ ಮಾಂಸ ಬಿಡಿಸುವ ಪದ್ಧತಿಗೆ ಈ ಚಾಕು ಚೆನ್ನಾಗಿ ಒಗ್ಗುತ್ತದೆ. ಪ್ರಾಣಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಬೆನ್ನಿನ ಗೆರೆಯುದ್ದಕ್ಕೆ ತೊಗಲು ಬಿಡಿಸುವುದರಿಂದ ಶುರು. ಮೊದಲು ಒಂದು ಸಣ್ಣ ತೂತು ಮಾಡಿ, ಅಲಗಿನ ಬಾಯಿ ಮೇಲ್ಮುಖವಾಗಿರುವಂತೆ ತೊಗಲಿನ ಕೆಳಗೆ ತೂರಿಸಿ, ಒಳಗಿನಿಂದ ಹೊರಕ್ಕೆ ಕೊಯ್ಯಿರಿ. ಎಲ್ಕ್ ಕೆಸರಿನಲ್ಲಿ ಹೊರಳುವ ಪ್ರಾಣಿ. ಅದರ ಕೂದಲಲ್ಲಿ ಮಣ್ಣು ತುಂಬಿರುತ್ತದೆ. ಮೇಲಿನಿಂದ ಕೊಯ್ದರೆ ಆ ಮಣ್ಣು ನಾಲ್ಕೇ ಎಳೆತಕ್ಕೆ ಬ್ಲೇಡನ್ನು ಮೊಂಡು ಮಾಡುತ್ತದೆ, ತುಂಡಾದ ಕೂದಲು ಮಾಂಸಕ್ಕೆ ಅಂಟುತ್ತದೆ. ಒಳಗಿನಿಂದ ಕೊಯ್ದರೆ ಎರಡೂ ತಪ್ಪುತ್ತವೆ.

ಮುಂಗಾಲು ಸುಲಭ. ಹೆಗಲ ಮೂಳೆಗೂ ಎದೆಗೂಡಿಗೂ ಮೂಳೆಯ ಕೀಲೇ ಇಲ್ಲ, ಬರೀ ಮಾಂಸಖಂಡದ ಬೆಸುಗೆ. ಜೊತೆಗಾರರು ಕಾಲನ್ನು ಎತ್ತಿ ಹಿಡಿದರೆ ನಾಲ್ಕಾರು ಉದ್ದ ಎಳೆತಕ್ಕೆ ಕಾಲು ಕೈಗೆ ಬರುತ್ತದೆ. ಒತ್ತಬೇಡಿ, ಎಳೆಯಿರಿ. ಒತ್ತಲೇಬೇಕು ಅನಿಸಿತೆಂದರೆ ಬ್ಲೇಡು ಹೋಗಿದೆ ಎಂದು ತಿಳಿಯಿರಿ.

ಹಿಂಗಾಲಿನಲ್ಲಿ ಎಚ್ಚರ. ಅಲ್ಲಿ ತೊಡೆಯ ಗುಂಡು ಬಟ್ಟಲಿನಂಥ ಕೀಲಿನಲ್ಲಿ ಕೂತಿರುತ್ತದೆ. ಅಲಗನ್ನು ಒಳಗಿಟ್ಟು ಮೀಟೋಣ ಎಂದು ಎಲ್ಲರಿಗೂ ಅನಿಸುತ್ತದೆ. ನಾನೂ ಒಮ್ಮೆ ಮೀಟಿದೆ. ಟಕ್ಕೆಂದು ಮೊನೆ ಮುರಿಯಿತು. ಅರ್ಧ ಇಂಚಿನ ಆ ಚೂರಿಗಾಗಿ ಮಾಂಸದೊಳಗೆ ಇಕ್ಕಳ ಆಡಿಸುತ್ತಾ ಮುಕ್ಕಾಲು ಗಂಟೆ ಕಳೆದೆ. ಊಟದ ತಟ್ಟೆಗೆ ಬರುವ ಮಾಂಸ ಅದು, ಬಿಟ್ಟು ಬರುವಂತಿರಲಿಲ್ಲ. ಈ ಬ್ಲೇಡು ಇರುವುದು ಕೊಯ್ಯುವುದಕ್ಕೆ ಮಾತ್ರ. ಅಡ್ಡಕ್ಕೆ ತಿರುಚಿದರೆ ಮುರಿಯುತ್ತದೆ. ಕೀಲು, ಮೊಣಕಾಲಿನ ಗಂಟು, ಕತ್ತಿನ ಸಂದು, ಇವೆಲ್ಲ ಗಟ್ಟಿ ಚಾಕುವಿನ ಪಾಲು. ಕೊಲೊರಾಡೊದಲ್ಲಿ ಗಂಡೋ ಹೆಣ್ಣೋ ಎಂದು ತೋರಿಸುವ ಅಂಗ ಮಾಂಸಕ್ಕೆ ಅಂಟಿಕೊಂಡೇ ಇರಬೇಕೆಂಬ ನಿಯಮವಿದೆ. ಹಿಂಗಾಲು ಬಿಡಿಸುವಾಗ ಅದನ್ನು ಕೊಯ್ದು ಎಸೆಯಬೇಡಿ.

ಬೆನ್ನಿನ ಉದ್ದ ಮಾಂಸವನ್ನು ಮುಳ್ಳುಮೂಳೆಗೆ ಅಲಗನ್ನು ವಾಲಿಸಿ ಬಿಡಿಸಿ. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆಯ ಕೆಳಗಿರುವ ಮೆತ್ತನೆಯ ಮಾಂಸಕ್ಕೆ ಚಾಕುವಿಗಿಂತ ಮೊದಲು ಬೆರಳು ಹೋಗಲಿ. ಅಲ್ಲಿ ಅಲಗು ಕಣ್ಣಿಗೆ ಕಾಣುವುದಿಲ್ಲ, ಪಕ್ಕದಲ್ಲೇ ಹೊಟ್ಟೆಚೀಲ. ಆದಷ್ಟೂ ಬೆರಳಿನಿಂದಲೇ ಬಿಡಿಸಿಕೊಂಡು ಎರಡು ತುದಿಗೆ ಮಾತ್ರ ಬ್ಲೇಡು ತಾಗಿಸಿ. ಆಮೇಲೆ ಪ್ರಾಣಿಯನ್ನು ಮಗುಚಿ, ಇನ್ನೊಂದು ಮಗ್ಗುಲಿಗೂ ಇದೇ ಕ್ರಮ.

ಬ್ಲೇಡು ಬದಲಿಸುವ ಗಳಿಗೆ

ಕೈ ಕೊಯ್ದುಕೊಳ್ಳುವ ಸಾಧ್ಯತೆ ಹೆಚ್ಚಿರುವುದು ಇಲ್ಲೇ ಎಂದು ನನ್ನ ಅನುಭವ. ಇಷ್ಟು ಹರಿತದ ಅಲಗು ತಾಗಿದ್ದು ಎಷ್ಟೋ ಸಲ ನೋವಿನಿಂದ ಗೊತ್ತಾಗುವುದಿಲ್ಲ, ರಕ್ತ ಕಂಡ ಮೇಲೇ ಗೊತ್ತು. ಹಾಗಾಗಿ ಪ್ರಾಣಿಯಿಂದ ಎರಡು ಹೆಜ್ಜೆ ಹಿಂದೆ ಬಂದು ಕೂತುಕೊಳ್ಳಿ. ಕೈಗವಸಿನ ಕೊಬ್ಬು, ಹಿಡಿಯ ಕೊಬ್ಬು ಎರಡನ್ನೂ ಬಟ್ಟೆಯಿಂದ ಒರೆಸಿ. ಅಲಗಿನ ಬಾಯಿ ನಿಮ್ಮಿಂದ ಆಚೆಗಿರಲಿ. ಸ್ಕ್ಯಾಲ್ಪೆಲ್ ಜಾತಿಯದಾದರೆ ಬ್ಲೇಡಿನ ಹಿಮ್ಮಡಿಯನ್ನು ಇಕ್ಕಳದಿಂದ ಹಿಡಿದು, ಉಬ್ಬಿಗಿಂತ ತುಸು ಮೇಲೆತ್ತಿ, ಮುಂದಕ್ಕೆ ಜಾರಿಸಿ. ಇದಕ್ಕೆ ಬೆರಳು ಬೇಡವೇ ಬೇಡ. ಗುಂಡಿಯದಾದರೆ ಒತ್ತಿ ಎಳೆಯಿರಿ. ಕೂದಲು ಸಿಕ್ಕಿ ಬಿಗಿದಿದ್ದರೆ ನೀರು ಹಾಕಿ ತೊಳೆಯಿರಿ, ಬಲ ಹಾಕಬೇಡಿ. ಹಳೆಯದು ನೇರ ಡಬ್ಬಿಗೆ ಬೀಳಲಿ, ಒಂದು ಕ್ಷಣಕ್ಕೂ ಹುಲ್ಲಿನ ಮೇಲೆ ಇಡಬೇಡಿ. ಆಮೇಲೆಯೇ ಹೊಸದರ ಪೊಟ್ಟಣ ಬಿಚ್ಚಿ. ಕಟಕ್ಕೆಂದು ಕೂತದ್ದು ಕೇಳಿಸಬೇಕು.

ಮನೆಗೆ ಬಂದ ಮೇಲೆ

ಜಿಂಕೆ, ಎಲ್ಕ್‌ಗಳಲ್ಲಿ ಮಿದುಳನ್ನು ಕೆಡಿಸಿ ಸಾಯಿಸುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಕಾಯಿಲೆಯಿದೆ. 1967ರಲ್ಲಿ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದಲ್ಲಿ ಸಾಕಿದ ಜಿಂಕೆಗಳಲ್ಲಿ ಮೊದಲು ಕಂಡದ್ದು. ಮನುಷ್ಯರಿಗೆ ತಗುಲಿದ ದಾಖಲೆ ಇಲ್ಲ. ಆದರೂ ಸೋಂಕಿರುವ ಪ್ರಾಣಿಯ ಮಾಂಸ ತಿನ್ನಬೇಡಿ ಎನ್ನುತ್ತಾರೆ, ಪರೀಕ್ಷೆ ಮಾಡಿಸಿ. ಇದಕ್ಕೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನು ಉಕ್ಕಿಗೆ ಅಂಟಿಕೊಳ್ಳುತ್ತದೆ, ಕುದಿಸಿದರೂ ನಾಶವಾಗುವುದಿಲ್ಲ. ಮಿದುಳು, ಬೆನ್ನುಹುರಿ ಕೊಯ್ಯಬೇಡಿ ಎನ್ನುವುದು ಅದಕ್ಕೇ. ಬ್ಲೇಡನ್ನು ಎಸೆದುಬಿಡಬಹುದಾದ್ದರಿಂದ ಶುಚಿ ಮಾಡಲು ಉಳಿಯುವುದು ಹಿಡಿ ಮತ್ತು ಗಟ್ಟಿ ಚಾಕು. ಮನೆಬಳಕೆಯ ಬ್ಲೀಚನ್ನು 40 ಶೇಕಡಾ ಬೆರೆಸಿದ ನೀರಿನಲ್ಲಿ 5 ನಿಮಿಷ ಇಟ್ಟರೆ ಉಕ್ಕಿನ ಮೇಲಿನ ಪ್ರಿಯಾನ್ ನಿಷ್ಕ್ರಿಯವಾಗುತ್ತದೆಂದು ಮೊಂಟಾನಾದ ರಾಕಿ ಮೌಂಟನ್ ಪ್ರಯೋಗಾಲಯದವರು 2019ರಲ್ಲಿ ತೋರಿಸಿದರು. ಅಂದರೆ ಎರಡು ಪಾಲು ಬ್ಲೀಚು, ಮೂರು ಪಾಲು ನೀರು. ಬ್ಲೀಚು ಮಾಂಸದ ಚೂರಿನೊಳಕ್ಕೆ ಇಳಿಯುವುದಿಲ್ಲ. ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದನ್ನೆಲ್ಲ ಉಜ್ಜಿ ತೆಗೆಯಿರಿ. ಆಮೇಲೆ ಚೆನ್ನಾಗಿ ತೊಳೆದು ಒರೆಸಿ, ಬ್ಲೀಚು ಉಳಿದರೆ ತುಕ್ಕು ಹಿಡಿಯುತ್ತದೆ.

ಇನ್ನು ಡಬ್ಬಿಯ ಬ್ಲೇಡುಗಳನ್ನು ಇಕ್ಕಳದಿಂದ ತೆಗೆದು ಎಣಿಸಿ. ಬಳಸಿದ್ದು, ಉಳಿದಿದ್ದು ಸೇರಿ ಹೊರಡುವಾಗ ಬರೆದಿಟ್ಟ ಲೆಕ್ಕಕ್ಕೆ ಸಮನಾಗಬೇಕು. ಒಂದು ಕಡಿಮೆಯಾದರೂ ಮಾಂಸವನ್ನು ಫ್ರೀಜರಿಗೆ ಇಡುವ ಮುನ್ನ ಒಂದೊಂದು ತುಂಡನ್ನೂ ಬೆಳಕಿನಲ್ಲಿ ನೋಡಿ. ಲೆಕ್ಕ ಸರಿಯಿದ್ದರೆ ಬಳಸಿದವನ್ನು ಮತ್ತೆ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ, ಒಳಗೆ ಬ್ಲೇಡಿದೆ ಎಂದು ಮೇಲೆ ಬರೆದು ಕಸಕ್ಕೆ ಕೊಡಿ.