ದೂರದ ವಿಮಾನಯಾನ: ಮೊದಲ ದಿನವನ್ನು ನಾನು ದಾಟುವ ಬಗೆ

ಸಾಗರ ದಾಟಿ ಹೋಗುವ ಪ್ರಯಾಣದ ಮೊದಲ ದಿನ ಎಷ್ಟು ಗಂಟೆಯದು ಎಂಬುದನ್ನು ಹೋಗುವ ದಿಕ್ಕೇ ತೀರ್ಮಾನಿಸುತ್ತದೆ. ಪಶ್ಚಿಮಕ್ಕೆ ಹಾರಿದರೆ ಸೂರ್ಯನ ಬೆನ್ನು ಹತ್ತಿದಂತೆ, ದಿನ ಮೂವತ್ತು ಗಂಟೆಯನ್ನೂ ಮೀರಬಹುದು. ಪೂರ್ವಕ್ಕೆ ಹಾರಿದರೆ ರಾತ್ರಿಯ ದೊಡ್ಡ ಪಾಲು ಕೈತಪ್ಪಿ ಹೋಗುತ್ತದೆ. ಎತ್ತ ಹೋದರೂ, ವಿಮಾನ ನೆಲ ಮುಟ್ಟಿದ ಕ್ಷಣಕ್ಕೆ ಈ ದಿನ ಮುಗಿಯಿತೆಂದು ನಾನು ಭಾವಿಸುವುದಿಲ್ಲ. ಹೊಸ ಊರಿನ ಗಡಿಯಾರದಂತೆ ರಾತ್ರಿಯಾಗಿ, ಮಲಗಿ, ನಿದ್ದೆ ಹತ್ತಿದಾಗಲೇ ಅದು ಮುಗಿಯುವುದು. ಆ ಒಂದು ನಿದ್ದೆ ಸರಿಯಾಗಿ ಬಂದರೆ ಮುಂದಿನ ವಾರವೆಲ್ಲ ಹಗುರವಾಗುತ್ತದೆ. ಆದ್ದರಿಂದ ಟಿಕೆಟ್ ಕೊಳ್ಳುವಾಗಲೇ ಆ ರಾತ್ರಿಯಿಂದ ಹಿಂದಕ್ಕೆ ಎಣಿಸುತ್ತಾ ಬರುತ್ತೇನೆ.

ಆಯ್ಕೆ ನನ್ನ ಕೈಯಲ್ಲಿದ್ದರೆ ಮಧ್ಯಾಹ್ನದ ನಂತರ ಇಳಿಯುವ ವಿಮಾನವನ್ನೇ ಹಿಡಿಯುತ್ತೇನೆ. ಬೆಳಗಿನ ಜಾವ ಇಳಿದರೆ ಇಡೀ ಹಗಲನ್ನು ನಿದ್ದೆಗಣ್ಣಿನಲ್ಲಿ ತಳ್ಳಬೇಕು, ಕೋಣೆಯೂ ಅಷ್ಟು ಬೇಗ ಸಿಗುವುದಿಲ್ಲ. ಇನ್ನೊಂದು ವಿಷಯದಲ್ಲಿ ನಾನು ರಾಜಿಯಾಗುವುದೇ ಇಲ್ಲ: ಮಧ್ಯದಲ್ಲಿ ವಿಮಾನ ಬದಲಿಸಬೇಕಿದ್ದರೆ ಎರಡೂ ಹಾರಾಟಗಳು ಒಂದೇ ಟಿಕೆಟ್‌ನಲ್ಲಿರಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಆಗ ವಿಮಾನಯಾನ ಸಂಸ್ಥೆಯದು. ಎರಡು ಬೇರೆ ಟಿಕೆಟ್ ಕೊಂಡು ಸ್ವಲ್ಪ ಹಣ ಉಳಿಸಿದವರು ಆ ಹೊಣೆಯನ್ನು ತಮ್ಮ ತಲೆಯ ಮೇಲೆ ಹೊತ್ತಿರುತ್ತಾರೆ. ಅಷ್ಟೇ ಅಲ್ಲ, ನಡುವಿನ ನಿಲ್ದಾಣದಲ್ಲಿ ಲಗೇಜ್ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾಗಬಹುದು. ಅದಕ್ಕಾಗಿ ಆ ದೇಶದೊಳಗೆ ಪ್ರವೇಶಿಸಬೇಕಾಗಿ ಬಂದರೆ ವೀಸಾದ ಪ್ರಶ್ನೆಯೂ ಏಳುತ್ತದೆ.

ಪಾಸ್‌ಪೋರ್ಟ್‌ನ ಅವಧಿಯನ್ನು ಟಿಕೆಟ್‌ಗಿಂತ ಮೊದಲೇ ನೋಡುತ್ತೇನೆ. ಅನೇಕ ದೇಶಗಳು ಅದು ಇನ್ನೂ 6 ತಿಂಗಳು ಚಾಲ್ತಿಯಲ್ಲಿರಬೇಕೆಂದು ಕೇಳುತ್ತವೆ. ಚೆಕ್-ಇನ್ ಕೌಂಟರಿನಲ್ಲಿ ಇದು ಬಯಲಾದರೆ ಅಲ್ಲಿಗೇ ಪ್ರಯಾಣ ನಿಂತಂತೆ.

ಕೈಚೀಲವನ್ನು ಕಟ್ಟುವಾಗ ನಾನು ಕೇಳಿಕೊಳ್ಳುವುದು ಒಂದೇ: ದೊಡ್ಡ ಪೆಟ್ಟಿಗೆ ನನ್ನೊಂದಿಗೆ ಬರದಿದ್ದರೆ ಎರಡು ದಿನ ಇದರಲ್ಲೇ ಕಳೆಯಬಲ್ಲೆನೇ? ನಿತ್ಯದ ಔಷಧಿಗಳು ವೈದ್ಯರ ಚೀಟಿಯ ಸಮೇತ, ಒಂದು ಜೊತೆ ಬಟ್ಟೆ, ಚಾರ್ಜರ್, ಕನ್ನಡಕ, ಪೆನ್ನು. ಪವರ್ ಬ್ಯಾಂಕ್ ಹೇಗೂ ಕೈಚೀಲದಲ್ಲೇ ಇರಬೇಕು, ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸರಕಿನ ಕೋಣೆಯಲ್ಲಿ ನಂದಿಸುವವರಿರುವುದಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್; 20,000 ಎಂಎಎಚ್ ಎಂದು ಬರೆದಿರುವ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಆಗುತ್ತದೆ, ಚಿಂತೆಯಿಲ್ಲ. ದ್ರವಗಳಿಗೆ ಇರುವ 100 ಮಿಲಿಲೀಟರ್ ಮಿತಿ 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದದ್ದು. ಹೊಸ ಸ್ಕ್ಯಾನರ್‌ಗಳಿರುವ ಕೆಲವು ನಿಲ್ದಾಣಗಳು ಇದನ್ನು ಸಡಿಲಿಸಿವೆ. ಆದರೆ ನಡುವಿನ ನಿಲ್ದಾಣದಲ್ಲಿ ಮತ್ತೊಮ್ಮೆ ತಪಾಸಣೆ ಇರುವುದರಿಂದ ನಾನು ಹಳೆಯ ಮಿತಿಗೇ ಅಂಟಿಕೊಳ್ಳುತ್ತೇನೆ. ನೀರಿನ ಬಾಟಲಿಯನ್ನು ಖಾಲಿ ಮಾಡಿ ಒಯ್ದು, ಭದ್ರತಾ ತಪಾಸಣೆ ದಾಟಿದ ಮೇಲೆ ತುಂಬಿಸಿಕೊಳ್ಳುತ್ತೇನೆ.

ನಿಲ್ದಾಣಕ್ಕೆ 3 ಗಂಟೆ ಮುಂಚೆ ತಲುಪುತ್ತೇನೆ. ಕೌಂಟರಿನಲ್ಲಿ ಪೆಟ್ಟಿಗೆಯನ್ನು ಒಪ್ಪಿಸಿದ ಮೇಲೆ ನಾನು ತಕ್ಷಣ ಹೊರಡುವವನಲ್ಲ. ಹಿಡಿಕೆಗೆ ಸುತ್ತಿದ ಉದ್ದನೆಯ ಪಟ್ಟಿಯನ್ನು ಬಗ್ಗಿ ಓದುತ್ತೇನೆ. ಅದರಲ್ಲಿ ದಪ್ಪವಾಗಿ ಅಚ್ಚಾದ ಮೂರಕ್ಷರದ ಸಂಕೇತ ಪೆಟ್ಟಿಗೆ ಎಲ್ಲಿ ಹೊರಬರುತ್ತದೆ ಎಂಬುದನ್ನು ಹೇಳುತ್ತದೆ. ಅಲ್ಲಿ ನನ್ನ ಕೊನೆಯ ನಿಲ್ದಾಣದ ಸಂಕೇತವಿದ್ದರೆ ನಡುವೆ ಕಾಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ, ಆದರೂ ಸಿಬ್ಬಂದಿಯನ್ನು ಬಾಯಿಬಿಟ್ಟು ಕೇಳುತ್ತೇನೆ. ಏಕೆಂದರೆ ಅಮೆರಿಕದಂತಹ ದೇಶಗಳಲ್ಲಿ ಮೊದಲು ಕಾಲಿಟ್ಟ ನಿಲ್ದಾಣದಲ್ಲೇ ಪೆಟ್ಟಿಗೆ ಬಿಡಿಸಿಕೊಂಡು ಸುಂಕದ ತಪಾಸಣೆ ಮುಗಿಸಬೇಕಾಗುತ್ತದೆ. ಬಾರ್‌ಕೋಡ್ ಪಕ್ಕದ ಹತ್ತು ಅಂಕಿಗಳಲ್ಲಿ ನಡುವಿನ ಮೂರು ವಿಮಾನಯಾನ ಸಂಸ್ಥೆಯವು, ಕೊನೆಯ ಆರು ನನ್ನ ಪೆಟ್ಟಿಗೆಯದ್ದೇ. ಅದೇ ಸಂಖ್ಯೆ ನನ್ನ ಕೈಗೆ ಕೊಟ್ಟ ಚಿಕ್ಕ ಚೀಟಿಯಲ್ಲೂ ಇದೆಯೇ ಎಂದು ಹೋಲಿಸಿ, ಚೀಟಿಯ ಮತ್ತು ಪೆಟ್ಟಿಗೆಯ ಫೋಟೊ ತೆಗೆದುಕೊಳ್ಳುತ್ತೇನೆ. ಹಳೆಯ ಪ್ರಯಾಣದ ಪಟ್ಟಿಗಳನ್ನು ಮನೆಯಲ್ಲೇ ಕಿತ್ತುಹಾಕಿರುತ್ತೇನೆ, ಯಂತ್ರ ಅವನ್ನು ಓದಿಬಿಟ್ಟರೆ ಪೆಟ್ಟಿಗೆ ಬೇರೆ ದಾರಿ ಹಿಡಿಯುತ್ತದೆ.

ವಿಮಾನದೊಳಗೆ ಕುಳಿತ ಕೂಡಲೇ ಕೈಗಡಿಯಾರವನ್ನು ಇಳಿಯುವ ಊರಿನ ಸಮಯಕ್ಕೆ ತಿರುಗಿಸುತ್ತೇನೆ. ಆಮೇಲೆ ಮನೆಯಲ್ಲಿ ಈಗೆಷ್ಟು ಗಂಟೆ ಎಂದು ಲೆಕ್ಕ ಹಾಕುವುದನ್ನೇ ಬಿಡುತ್ತೇನೆ. ಅಲ್ಲಿ ರಾತ್ರಿಯಾಗಿದ್ದರೆ ಊಟ ಬರುವವರೆಗೂ ಕಾಯದೆ ಕಣ್ಣುಪಟ್ಟಿ ಕಟ್ಟುತ್ತೇನೆ, ಹಗಲಾಗಿದ್ದರೆ ದೀಪ ಆರಿಸಿದರೂ ಎಚ್ಚರವಾಗಿರುತ್ತೇನೆ. ಮಲಗುವ ಹಾರಾಟಕ್ಕೆ ಕಿಟಕಿಯ ಸೀಟು, ಎಚ್ಚರವಿರುವ ಹಾರಾಟಕ್ಕೆ ನಡುದಾರಿಯ ಸೀಟು. ನಿದ್ದೆಗೆ ಜಾರುವ ಮುನ್ನ ಸೀಟ್ ಬೆಲ್ಟನ್ನು ಹೊದಿಕೆಯ ಮೇಲೆ, ಕಾಣುವಂತೆ ಬಿಗಿದುಕೊಳ್ಳುತ್ತೇನೆ. ಗಾಳಿಯ ಹೊಯ್ದಾಟ ಶುರುವಾದಾಗ ಸಿಬ್ಬಂದಿ ನನ್ನನ್ನು ಎಬ್ಬಿಸದೆ ಮುಂದೆ ಹೋಗುತ್ತಾರೆ.

ವಿಮಾನದೊಳಗೆ ದೇಹ ಎಂತಹ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆ ನನ್ನ ಅಭ್ಯಾಸಗಳು ಬದಲಾದವು. ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಒತ್ತಡವನ್ನು ನೆಲಮಟ್ಟಕ್ಕೆ ಹೊಂದಿಸಿರುವುದಿಲ್ಲ. 6,000ದಿಂದ 8,000 ಅಡಿಯ ಬೆಟ್ಟದ ಮೇಲಿರುವಷ್ಟು ಮಾತ್ರ ಇರುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ, ಎತ್ತರದಲ್ಲಿರುವಾಗ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಮುಚ್ಚಳ ಬಿಗಿದು ಸೀಟಿನ ಚೀಲದಲ್ಲಿಡಿ. ಇಳಿಯುವ ಹೊತ್ತಿಗೆ ಅದರ ಪಕ್ಕೆಗಳು ಒಳಕ್ಕೆ ಕುಸಿದು, ಹಿಂಡಿದಂತೆ ಸೊಟ್ಟಗಾಗಿರುತ್ತವೆ. ಇದೇ ಕಾರಣಕ್ಕೆ ಮೇಲೇರುವಾಗ ಹೊಟ್ಟೆಯೊಳಗಿನ ಗಾಳಿ ಕಾಲು ಭಾಗಕ್ಕೂ ಮಿಗಿಲಾಗಿ ಹಿಗ್ಗಬಹುದು. ಹೊಟ್ಟೆ ಉಬ್ಬರಿಸಿದ ಮೇಲೆ ನಿದ್ದೆಯೆಲ್ಲಿ? ನಾನು ಅರ್ಧ ಹೊಟ್ಟೆ ಉಣ್ಣುತ್ತೇನೆ, ಸೋಡಾ ಪಾನೀಯಗಳನ್ನು ಮುಟ್ಟುವುದಿಲ್ಲ.

ಗಾಳಿಯ ತೇವಾಂಶವೂ ಶೇ 10ರಿಂದ 20ರಷ್ಟೇ ಇರುತ್ತದೆ. ಮೂಗು, ಕಣ್ಣು, ಗಂಟಲು ಒಣಗುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ದಿನ ಕನ್ನಡಕಕ್ಕೆ ಮರಳುವುದು ಒಳ್ಳೆಯದು. ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದರೆ ಇನ್ನೊಂದು ಲಾಭವಿದೆ: ಪದೇ ಪದೇ ಎದ್ದು ಶೌಚಾಲಯಕ್ಕೆ ಹೋಗಲೇಬೇಕಾಗುತ್ತದೆ, ಕಾಲು ಆಡುತ್ತದೆ. ಕಾಲನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮೀನಖಂಡ ಹಿಂಡಿ ಬಿಟ್ಟಾಗಲೇ ರಕ್ತ ಮೇಲಕ್ಕೆ ಚಲಿಸುವುದು. ಕದಲದೆ ಕುಳಿತರೆ ಅದು ಅಲ್ಲೇ ನಿಂತು ಪಾದ ಊದುತ್ತದೆ, ಅಪರೂಪಕ್ಕೆ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. 4 ಗಂಟೆಗಿಂತ ಹೆಚ್ಚಿನ ಪ್ರಯಾಣದ ನಂತರ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತ್ತು. ಎಚ್ಚರವಿರುವಾಗಲೆಲ್ಲ ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಸೀಟಿನ ಕೆಳಗೆ ಕಾಲು ಚಾಚಲು ಜಾಗ ಉಳಿಯಲೆಂದು ಕೈಚೀಲವನ್ನು ಮೇಲಿಡುತ್ತೇನೆ. ಹಿಂದೆ ಹೆಪ್ಪುಗಟ್ಟಿದ ತೊಂದರೆ ಆಗಿದ್ದವರು, ಬಸುರಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಹೊರಡುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಇಳಿಯುವುದಕ್ಕೆ ಅರ್ಧ ಗಂಟೆ ಮೊದಲೇ ವಿಮಾನ ಎತ್ತರ ಕಳೆದುಕೊಳ್ಳಲು ಶುರುಮಾಡುತ್ತದೆ. ಆ ಹೊತ್ತಿಗೆ ನಾನು ಎಚ್ಚರವಾಗಿರುತ್ತೇನೆ. ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆ, ನುಂಗದಿದ್ದರೆ ಕಿವಿಯನ್ನೂ ಗಂಟಲನ್ನೂ ಕೂಡಿಸುವ ನಳಿಕೆ ತೆರೆಯುವುದಿಲ್ಲ, ಕಿವಿ ನೋಯುತ್ತದೆ.

ಇಳಿದ ಮೇಲಿನ ಸಾಲು, ಪ್ರಶ್ನೆ, ಮುದ್ರೆ ಇವುಗಳ ಬಗ್ಗೆ ಹೇಳುವುದು ಕಡಿಮೆ. ಉಳಿದುಕೊಳ್ಳುವ ವಿಳಾಸ, ಮರಳುವ ಟಿಕೆಟ್ಟು ಕಾಗದದಲ್ಲಿ ಕೈಗೆ ಸಿಗುವಂತಿದ್ದರೆ ಸಾಕು. ಮೊಬೈಲ್ ಚಾರ್ಜ್ ಮುಗಿದಿರುತ್ತದೆ ಎಂದೇ ಎಣಿಸಿ ಹೊರಡಿ. ಪೆಟ್ಟಿಗೆ ಬರದಿದ್ದರೆ ಅಥವಾ ಒಡೆದಿದ್ದರೆ ಹಾಲ್‌ನಿಂದ ಹೊರಬೀಳುವ ಮುನ್ನ ದೂರು ಬರೆಸಿ, ದೂರಿನ ಸಂಖ್ಯೆ ಪಡೆಯಬೇಕು. 1999ರ ಮಾಂಟ್ರಿಯಲ್ ಒಪ್ಪಂದದಂತೆ ಹಾನಿಯ ಬಗ್ಗೆ ಲಗೇಜ್ ಪಡೆದ 7 ದಿನಗಳೊಳಗೆ, ತಡವಾಗಿ ಬಂದ ಲಗೇಜಿನ ಬಗ್ಗೆ ಅದು ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು.

ಇನ್ನು ಉಳಿದಿರುವುದು ಬೆಳಕಿನ ಲೆಕ್ಕ. ನನ್ನ ಮಟ್ಟಿಗೆ ಇಡೀ ದಿನದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಕಣ್ಣಿನಿಂದ ಬರುವ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆಯೇ ಮಿದುಳಿನಲ್ಲಿ ಒಂದು ಪುಟ್ಟ ಕೋಶಗುಚ್ಛವಿದೆ. ದೇಹದ ಗಡಿಯಾರ ಅದೇ, ಅದನ್ನು ತಿರುಗಿಸುವ ಕೀಲಿ ಬೆಳಕು. ಮಾಮೂಲಾಗಿ ಏಳುವ ಸಮಯಕ್ಕೆ ಎರಡು-ಮೂರು ಗಂಟೆ ಮೊದಲು ದೇಹದ ಉಷ್ಣತೆ ತೀರ ಕೆಳಗಿಳಿಯುತ್ತದೆ. ಆ ಬಿಂದುವಿಗಿಂತ ಮೊದಲು ಕಣ್ಣಿಗೆ ಬೆಳಕು ಬಿದ್ದರೆ ಗಡಿಯಾರ ಹಿಂದಕ್ಕೆ ಸರಿಯುತ್ತದೆ, ನಂತರ ಬಿದ್ದರೆ ಮುಂದಕ್ಕೆ.

ನಾನು ಮನೆಯಲ್ಲಿ 6 ಗಂಟೆಗೆ ಏಳುವವನು, ಹಾಗಾಗಿ ನನ್ನ ಬಿಂದು ಸುಮಾರು 4 ಗಂಟೆ. ಪೂರ್ವಕ್ಕೆ 8 ಗಂಟೆ ಮುಂದಿರುವ ಊರಿಗೆ ಹೋದರೆ ಅದು ಅಲ್ಲಿನ ಮಧ್ಯಾಹ್ನ 12ಕ್ಕೆ ಬೀಳುತ್ತದೆ. ಗಡಿಯಾರ ಮುಂದೆ ಹೋಗಬೇಕಾದ ಪ್ರಯಾಣವಿದು. ಬೆಳಿಗ್ಗೆ 7ಕ್ಕೆ ಇಳಿದು, ಬಿಸಿಲಿನಲ್ಲಿ ಓಡಾಡಿದರೆ ನಿದ್ದೆ ಹೋಗುತ್ತದೆ ಎಂದು ಹೊರಟರೆ ಗಡಿಯಾರ ಹಿಂದಕ್ಕೆ ಸರಿದು ಕೆಲಸ ಕೆಡುತ್ತದೆ. ಅಂಥ ದಿನ ಮಧ್ಯಾಹ್ನದವರೆಗೆ ಕಪ್ಪು ಕನ್ನಡಕ ಹಾಕಿ ಒಳಗೇ ಇರುತ್ತೇನೆ, 12ರ ನಂತರ ಹೊರಬಂದು ಬಯಲಿನಲ್ಲಿ ಚೆನ್ನಾಗಿ ನಡೆಯುತ್ತೇನೆ. ಪಶ್ಚಿಮಕ್ಕೆ 8 ಗಂಟೆ ಹಿಂದಿರುವ ಊರಾದರೆ ಅದೇ ಬಿಂದು ಅಲ್ಲಿನ ರಾತ್ರಿ 8ಕ್ಕೆ ಬರುತ್ತದೆ, ಸಂಜೆಯ ಬೆಳಕು ಎಷ್ಟು ಸಿಕ್ಕರೂ ಲಾಭವೇ. ನಮ್ಮ ಒಳಗಿನ ಗಡಿಯಾರದ ಸುತ್ತು 24 ಗಂಟೆಗಿಂತ ಸ್ವಲ್ಪ ಉದ್ದವಿರುವುದರಿಂದ ಹೆಚ್ಚಿನವರಿಗೆ ಪಶ್ಚಿಮದ ಪ್ರಯಾಣ ಸುಲಭ. ಹಾಗಿದ್ದರೂ ಒಂದು ಗಂಟೆಯ ವ್ಯತ್ಯಾಸಕ್ಕೆ ಸರಿಸುಮಾರು ಒಂದು ದಿನ ಬೇಕು ಎಂದು ಲೆಕ್ಕವಿಟ್ಟುಕೊಳ್ಳುತ್ತೇನೆ.

ತೀರ ತಡೆಯಲಾಗದಿದ್ದರೆ ಅಲಾರಾಂ ಇಟ್ಟು ಇಪ್ಪತ್ತು ನಿಮಿಷ ಮಲಗುತ್ತೇನೆ, ಅದೂ ಮಧ್ಯಾಹ್ನ 3ರೊಳಗೆ. ಕಾಫಿ ಟೀ ಕೂಡ ಅಲ್ಲಿಗೇ ನಿಲ್ಲುತ್ತವೆ. ಮೊದಲ ದಿನ ಕಾರು ಓಡಿಸುವುದಿಲ್ಲ, ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ರಾತ್ರಿ 9 ದಾಟುವವರೆಗೆ ಹಾಸಿಗೆಯ ಕಡೆ ಹೋಗುವುದಿಲ್ಲ. ನಡುರಾತ್ರಿ ಮೂರಕ್ಕೆ ಎಚ್ಚರವಾಗುವುದು ಹೆಚ್ಚುಕಡಿಮೆ ಖಚಿತ. ಆಗ ದೊಡ್ಡ ದೀಪವನ್ನಾಗಲಿ ಮೊಬೈಲನ್ನಾಗಲಿ ಮುಟ್ಟದೆ, ನೀರು ಕುಡಿದು ಮತ್ತೆ ಮಲಗುತ್ತೇನೆ. ನಿದ್ದೆ ಬಾರದಿದ್ದರೂ ಸರಿ, ಬೆಳಗಿನ ಅಲಾರಾಂ ಹೊಡೆಯುವವರೆಗೆ ಕತ್ತಲಲ್ಲೇ ಇರುತ್ತೇನೆ.